ಮೊದಲ ಎರಡು ಬಕೆಟ್

ಪಂಪು ಕೆಟ್ಟಿರಲಿಲ್ಲ. ಹಿಡಿ ಒತ್ತಿದರೆ ನೀರು ಬರುತ್ತಿತ್ತು. ಆದರೂ ಅದರ ಮುಂದೆ ಒಬ್ಬರೂ ಇರಲಿಲ್ಲ. ಎಂಟು ತಿಂಗಳ ಹಿಂದೆ ನಾವೇ ಕೊರೆಸಿ ಹಾಕಿಸಿದ್ದ ಬೋರ್‌ವೆಲ್ ಅದು. ಊರಿನ ಹೆಂಗಸರು ಕೊಡ ಹೊತ್ತುಕೊಂಡು ಮತ್ತೆ ಹಳೇ ಹೊಂಡಕ್ಕೇ ಹೋಗುತ್ತಿದ್ದರು.

ಬಡ ಹಳ್ಳಿಗಳಲ್ಲಿ ಕುಡಿಯುವ ನೀರಿನ ಕೆಲಸ ಮಾಡುವ ಸಂಸ್ಥೆಯೊಂದರಲ್ಲಿ ನಾನು ಎಂಜಿನಿಯರ್. ಒಂದು ಕೈಪಂಪಿಗೆ ಹೆಚ್ಚೆಂದರೆ 500 ಜನ ಅನ್ನುವುದು ಪರಿಹಾರ ಕಾರ್ಯಗಳಲ್ಲಿ ಬಳಸುವ ಸ್ಫಿಯರ್ ಮಾನದಂಡ. ಅದರ ಪ್ರಕಾರ ನಮ್ಮ ಕಡತದಲ್ಲಿ ಆ ಊರಿನ ಸಮಸ್ಯೆ ಮುಗಿದಿತ್ತು.

ಪಂಪಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಹಿರಿಯ ಹೆಂಗಸನ್ನು ಕೇಳಿದೆ. ‘ನೀರು ಕೆಂಪು. ಕಬ್ಬಿಣದ ವಾಸನೆ. ಬಟ್ಟೆ ಕಲೆಯಾಗುತ್ತೆ’ ಅಂದರು. ಅಂತರ್ಜಲದಲ್ಲೇ ಕಬ್ಬಿಣ ಇರಬೇಕು, ಒಂದು ಫಿಲ್ಟರ್ ಕಟ್ಟಿದರಾಯ್ತು ಅಂತ ನಾನು ಆಗಲೇ ಲೆಕ್ಕ ಹಾಕತೊಡಗಿದ್ದೆ. ಅಷ್ಟರಲ್ಲಿ ಅವರು ಇನ್ನೊಂದು ಮಾತು ಸೇರಿಸಿದರು: ‘ಬೆಳಿಗ್ಗೆ ಮೊದಲ ಎರಡು ಬಕೆಟ್ ಚೆಲ್ಲಿಬಿಟ್ಟರೆ ಆಮೇಲೆ ಪರವಾಗಿಲ್ಲ. ಆದರೆ ಕಷ್ಟಪಟ್ಟು ಒತ್ತಿದ ನೀರನ್ನ ದಿನಾ ಯಾರು ಚೆಲ್ಲುತ್ತಾರೆ?’

ಎರಡು ಬಕೆಟ್. ಅಂದರೆ ಸುಮಾರು 20 ಲೀಟರ್. ನಾವು ಹಾಕಿದ್ದು ಇಂಡಿಯಾ ಮಾರ್ಕ್ 2 ಪಂಪು. 1970ರ ದಶಕದಲ್ಲಿ ಯುನಿಸೆಫ್ ನೆರವಿನೊಂದಿಗೆ ಭಾರತದಲ್ಲಿ ರೂಪುಗೊಂಡದ್ದು. ಅದರ ವಿನ್ಯಾಸವನ್ನು ಯಾರು ಬೇಕಾದರೂ ಬಳಸಬಹುದಾದ್ದರಿಂದ ಆಫ್ರಿಕಾದ ಎಷ್ಟೋ ದೇಶಗಳಲ್ಲೂ ಇದೆ. ಅದರ ಪೈಪು 32 ಮಿ.ಮೀ., ಒಳಗಿನ ರಾಡು 12 ಮಿ.ಮೀ. ನಮ್ಮದು 30 ಮೀಟರ್ ಇಳಿಸಿದ್ದ ಪೈಪು. ಅದರೊಳಗೆ ಹಿಡಿಯುವ ನೀರು 20 ಲೀಟರ್‌ಗಿಂತ ಸ್ವಲ್ಪ ಜಾಸ್ತಿ. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರನ್ನೇ ಅವರು ಚೆಲ್ಲುತ್ತಿದ್ದರು! ಕಬ್ಬಿಣ ನೆಲದಿಂದ ಬರುತ್ತಿರಲಿಲ್ಲ, ನಮ್ಮ ಪೈಪಿನಿಂದ ಬರುತ್ತಿತ್ತು.

ಮರುದಿನ ಯಾರೂ ಪಂಪು ಮುಟ್ಟುವ ಮೊದಲೇ ಹೋಗಿ ಮೊದಲ ನೀರನ್ನು ಬಾಟಲಿಗೆ ಹಿಡಿದೆ. ಇಟ್ಟಿಗೆ ಪುಡಿ ಕಲಸಿದ ಹಾಗಿತ್ತು. ಬಿಡದೆ ಒತ್ತುತ್ತಾ ಐದೈದು ನಿಮಿಷಕ್ಕೊಂದು ಬಾಟಲಿ ತುಂಬಿಸಿದೆ. ಬಾಟಲಿಯಿಂದ ಬಾಟಲಿಗೆ ಬಣ್ಣ ತಿಳಿಯಾಯಿತು. ನೆಲದ ನೀರಲ್ಲೇ ಕಬ್ಬಿಣ ಇದ್ದಿದ್ದರೆ ಎಷ್ಟು ಒತ್ತಿದರೂ ಅದು ಇಳಿಯುತ್ತಿರಲಿಲ್ಲ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಸಾಕು, ಬಟ್ಟೆ ಕಲೆಯಾಗುತ್ತದೆ. ಅಷ್ಟು ಕಬ್ಬಿಣದಿಂದ ಕಾಯಿಲೆ ಬರುವುದಿಲ್ಲ, ನಿಜ. ಆದರೆ ಆ ನೀರು ಬೇಡವಾಗಿ ಜನ ಹೊಂಡದ ನೀರು ಕುಡಿದರೆ ಕಾಯಿಲೆ ಬಂದೇ ಬರುತ್ತದೆ ಅಲ್ವಾ?

ತಪ್ಪು ಆಗಿದ್ದು ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಅನ್ನುವುದರ ಅಳತೆಯಲ್ಲಿ. ಪಿಎಚ್ ಕಡಿಮೆಯಾದಷ್ಟೂ ನೀರು ಹೆಚ್ಚು ಆಮ್ಲೀಯ. ಪ್ರಯೋಗಾಲಯದ ವರದಿಯಲ್ಲಿ ಪಿಎಚ್ ಸರಿಯಾಗೇ ಇತ್ತು. ಆದರೆ ನಮ್ಮ ಬಾಟಲಿ ಅಲ್ಲಿಗೆ ತಲುಪಲು ಎರಡು ದಿನ ಹಿಡಿದಿತ್ತು. ನೆಲದಡಿಯ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಹೊರಗೆ ಬಂದ ಮೇಲೆ ಮೆಲ್ಲಗೆ ಹಾರಿಹೋಗುತ್ತದೆ, ಪಿಎಚ್ ಏರುತ್ತದೆ. ಪಂಪಿನ ಬಾಯಲ್ಲೇ ಹಿಡಿದು ಆಗಲೇ ಅಳೆದಾಗ 6ಕ್ಕಿಂತ ಕೆಳಗಿತ್ತು. 6.5ಕ್ಕಿಂತ ಕಡಿಮೆಯಾದರೆ ಕಬ್ಬಿಣದ ಪೈಪಿಗೆ ತುಕ್ಕು ಹಿಡಿಯದಂತೆ ಹಾಕಿದ ಸತುವಿನ ಲೇಪ ಬಾಳುವುದಿಲ್ಲ. ಈಗ ನಾನು ಪಿಎಚ್ ಮೀಟರ್ ಇಲ್ಲದೆ ಊರಿಗೆ ಹೋಗುವುದೇ ಇಲ್ಲ, ಸ್ಥಳದಲ್ಲೇ ಅಳೆಯದೆ ಪೈಪಿಗೆ ಆರ್ಡರ್ ಹಾಕುವುದೂ ಇಲ್ಲ.

ಪೈಪು ಮೇಲೆತ್ತಿದ ದಿನ ಊರಿನ ಆರು ಜನ ಜೊತೆಗೂಡಿದರು. ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, 3 ಮೀಟರಿನ ಒಂದೊಂದೇ ತುಂಡನ್ನು ಬಿಚ್ಚುತ್ತಾ ಹೋದೆವು. ತುಂಡುಗಳನ್ನು ಜೋಡಿಸುವ ತಿರುಪಿನ ಸುತ್ತುಗಳೆಲ್ಲ ತಿಂದುಹೋಗಿದ್ದವು, ಕೆಳಗಿನ ರಾಡು ಪೆನ್ಸಿಲ್‌ನಷ್ಟು ತೆಳ್ಳಗಾಗಿತ್ತು. ಇನ್ನು ಕೆಲವು ತಿಂಗಳು ಬಿಟ್ಟಿದ್ದರೆ ತುಂಡಾಗಿ ಬೋರ್‌ವೆಲ್ ಒಳಗೇ ಬಿದ್ದಿರುತ್ತಿತ್ತು.

ಇದಕ್ಕಿಂತ ಕಷ್ಟದ ಕೆಲಸ ಕಚೇರಿಯಲ್ಲಿತ್ತು. ಸ್ಟೇನ್‌ಲೆಸ್ ಸ್ಟೀಲ್ ಪೈಪು ದುಬಾರಿ. ಅದನ್ನು ಹಾಕಿದರೆ ಅಷ್ಟೇ ಹಣದಲ್ಲಿ ಕೊಡಬಹುದಾದ ಪಂಪುಗಳ ಸಂಖ್ಯೆ ಇಳಿಯುತ್ತದೆ. ಹಣ ಕೊಡುವವರು ಕೇಳುವುದು ಎಷ್ಟು ಪಂಪು ಹಾಕಿದಿರಿ ಅಂತ, ಎಷ್ಟು ಪಂಪಿನ ನೀರನ್ನು ಜನ ಕುಡಿಯುತ್ತಿದ್ದಾರೆ ಅಂತ ಅಲ್ಲ. ಬಾಟಲಿಗಳನ್ನು ಸಾಲಾಗಿ ಮೇಜಿನ ಮೇಲಿಟ್ಟೆ, ತಿಂದುಹೋದ ರಾಡನ್ನೂ ಇಟ್ಟೆ. ವರದಿ ಬರೆದಿದ್ದರೆ ಇಷ್ಟು ಬೇಗ ಒಪ್ಪಿಗೆ ಸಿಗುತ್ತಿತ್ತು ಅಂತ ನನಗನ್ನಿಸುವುದಿಲ್ಲ.

ಹೊಸ ಪೈಪು ಇಳಿಸಿದ ಮರುದಿನ ಆ ಹಿರಿಯರು ಅಭ್ಯಾಸದಂತೆ ಮೊದಲ ಬಕೆಟ್ ಚೆಲ್ಲಿದರು. ಎರಡನೆಯದನ್ನು ಬಗ್ಗಿ ನೋಡಿ ಕೊಡಕ್ಕೆ ಸುರಿದುಕೊಂಡರು. ಅದೇ ಸಾಲಿನ ಇನ್ನೂ ನಾಲ್ಕು ಊರುಗಳಲ್ಲಿ ನಾವು ಹಾಕಿದ ಹಳೇ ಪೈಪುಗಳೇ ಇವೆ. ಮುಂದಿನ ವಾರ ಮೀಟರ್ ಹಿಡಿದು ಅಲ್ಲಿಗೆ ಹೊರಡುತ್ತಿದ್ದೇನೆ. ಎಷ್ಟು ಬಕೆಟ್ ಚೆಲ್ಲುತ್ತೀರಿ ಅಂತ ಮೊದಲು ಕೇಳಬೇಕು.