ಡಾಕ್ಟರಿಗೆ ಫೋನ್ ಮಾಡುವಾಗ: ಮಲೆನಾಡಿನ ಮನೆಗಳಿಗೆ

ತೀರ್ಥಹಳ್ಳಿ, ಹೊಸನಗರದ ಕಡೆಯ ಒಂಟಿಮನೆಯಲ್ಲಿ ಮಳೆಗಾಲದ ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಮೊದಲು ಕೈ ಹೋಗುವುದು ಫೋನಿಗೆ. ಅದರಲ್ಲಿ ತಪ್ಪೇನಿಲ್ಲ. ಬಿಪಿ ಮಾತ್ರೆ ಮುಂದುವರಿಸುವುದು, ಶುಗರ್ ರಿಪೋರ್ಟ್ ತೋರಿಸುವುದು, ಹಳೆಯ ಕಜ್ಜಿ ಮತ್ತೆ ಎದ್ದಿದ್ದು, ಇಂಥದ್ದಕ್ಕೆಲ್ಲ ಬಸ್ಸು ಕಾದು ಪೇಟೆಗೆ ಹೋಗಬೇಕಾಗಿಲ್ಲ. ಆದರೆ ಫೋನಿನಲ್ಲಿ ಡಾಕ್ಟರಿಗೆ ಸಿಗುವುದು ನೀವು ಹೇಳಿದ್ದಷ್ಟೇ. ರೋಗಿ ಬಾಗಿಲು ದಾಟಿ ಬರುವ ನಡಿಗೆ, ಮುಖದ ಬಣ್ಣ, ಏದುಸಿರು, ಎದುರಿಗಿದ್ದರೆ ಇವೆಲ್ಲ ಕೇಳದೆಯೇ ಗೊತ್ತಾಗುತ್ತವೆ. ಬ್ರಿಟನ್ನಿನ ಸಾಮಾನ್ಯ ವೈದ್ಯರ ಫೋನ್ ಸಮಾಲೋಚನೆಗಳ ಬಗ್ಗೆ 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡದ್ದೂ ಇದನ್ನೇ. ದೊಡ್ಡ ಅನಾಹುತ ಅಪರೂಪ. ಆದ ಕಡೆ ಕೇಳಬೇಕಾದ್ದನ್ನು ಕೇಳಿರಲಿಲ್ಲ, ಕರೆಸಿ ನೋಡಬೇಕಾದವರನ್ನು ಕರೆಸಿರಲಿಲ್ಲ, ಆಮೇಲೆ ಏನಾಯಿತೆಂದು ವಿಚಾರಿಸಿರಲಿಲ್ಲ.

ಫೋನ್ ಹಿಡಿದು ಕೂರಬಾರದ ಹೊತ್ತು

ಹಾವು ಕಚ್ಚಿದೆ, ತೋಟಕ್ಕೆ ಹೊಡೆಯುವ ಔಷಧಿ ಹೊಟ್ಟೆಗೆ ಹೋಗಿದೆ, ಅಡಿಕೆ ಮರದಿಂದ ಬಿದ್ದಿದ್ದಾರೆ, ಬಾಯಿ ಓರೆಯಾಗಿದೆ ಅಥವಾ ಒಂದು ಕೈ ಮೇಲೇಳುತ್ತಿಲ್ಲ, ಎದೆ ಹಿಂಡಿದಂತಾಗಿ ಬೆವರು ಬರುತ್ತಿದೆ, ಗರ್ಭಿಣಿಗೆ ರಕ್ತ ಹೋಗುತ್ತಿದೆ, ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಜ್ವರವಿದೆ: ಇವಕ್ಕೆ ಸಮಾಲೋಚನೆ ಬೇಡ, 108. ಗಾಡಿ ಹೊರಟ ಮೇಲೆ ಡಾಕ್ಟರಿಗೆ ಹೇಳಿದರಾಯಿತು. ವಿಷದ ಬಾಟಲಿಯನ್ನು ಜೊತೆಗೇ ಒಯ್ಯಿರಿ, ಒತ್ತಾಯದಿಂದ ವಾಂತಿ ಮಾಡಿಸಬೇಡಿ. ಎದೆನೋವನ್ನು ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ನೀವೇ ಹೆಸರಿಟ್ಟು ಹೇಳಬೇಡಿ. ಫೋನಿನ ಆ ಕಡೆಯವರು ಆ ಹೆಸರಿನ ಹಿಂದೆಯೇ ಹೋಗುವ ಅಪಾಯವಿದೆ. ನೋವು ಎಲ್ಲಿ, ಯಾವಾಗಿನಿಂದ, ನಡೆದರೆ ಹೆಚ್ಚುತ್ತದೆಯೇ, ಇಷ್ಟು ಹೇಳಿ.

ಮಾತಾಡುವವರು ಯಾರು?

ಮಲೆನಾಡಿನಲ್ಲಿ ಇದೇ ದೊಡ್ಡ ತೊಡಕು. ಅಪ್ಪ ಅಮ್ಮ ಊರಲ್ಲಿ, ಮಗ ಬೆಂಗಳೂರಲ್ಲಿ. ಅಮ್ಮ ಮಗನಿಗೆ ‘ಸ್ವಲ್ಪ ಸುಸ್ತು’ ಅನ್ನುತ್ತಾರೆ, ಮಗ ಗುರುತಿನ ಡಾಕ್ಟರಿಗೆ ‘ಅಮ್ಮಂಗೆ ವೀಕ್‌ನೆಸ್’ ಅನ್ನುತ್ತಾನೆ, ಡಾಕ್ಟರು ಟಾನಿಕ್ ಹೇಳುತ್ತಾರೆ. ಸುಸ್ತೆಂದರೆ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುವುದು ಎಂಬುದು ಮೂವರಲ್ಲಿ ಒಬ್ಬರ ಬಾಯಲ್ಲೂ ಬರಲಿಲ್ಲ. ಮಗ ಫೋನ್ ಮಾಡುವುದಾದರೆ ಕಾನ್ಫರೆನ್ಸ್ ಕಾಲ್‌ನಲ್ಲಿ ಅಮ್ಮನನ್ನೂ ಸೇರಿಸಲಿ, ಇಲ್ಲವೇ ಪಕ್ಕದಲ್ಲಿರುವವರೇ ಮಾತಾಡಲಿ. ರೋಗಿಗೆ ಮಾತಾಡಲು ಬಂದರೆ ಒಂದೆರಡು ವಾಕ್ಯವಾದರೂ ಅವರ ಬಾಯಿಂದಲೇ ಬರಲಿ. ಒಂದು ವಾಕ್ಯ ಮುಗಿಸುವುದರೊಳಗೆ ಉಸಿರು ತುಂಡಾದರೆ ಅದು ಫೋನಿನಲ್ಲೂ ಕೇಳುತ್ತದೆ. ಒಂದೇ ಉಸಿರಿಗೆ ಮೂವತ್ತರವರೆಗೆ ಎಣಿಸಿ ನೋಡುವ ಪರೀಕ್ಷೆಯನ್ನು ಮಾತ್ರ ನೆಚ್ಚಬೇಡಿ, ಅದು ಸಾಬೀತಾದದ್ದಲ್ಲ.

ಜಗಲಿಯಲ್ಲಿ ಎಲ್ಲರ ಮುಂದೆ ಸ್ಪೀಕರ್ ಹಾಕಿದರೆ ಹೆಂಗಸರು ಮುಟ್ಟಿನ ತೊಂದರೆ, ಬಿಳಿಸೆರಗು, ಮನೆಯ ಹೊಡೆತ ಯಾವುದನ್ನೂ ಹೇಳುವುದಿಲ್ಲ. ಒಳಕೋಣೆಗೆ ಹೋಗಿ ಮಾತಾಡಲು ಬಿಡಿ. ಅದೂ ಆಗದಿದ್ದರೆ ‘ಹೌದು, ಇಲ್ಲ ಅನ್ನುವ ಹಾಗೆ ಕೇಳಿ’ ಎಂದು ಅವರೇ ಡಾಕ್ಟರಿಗೆ ಹೇಳಬಹುದು.

ಕರೆಗೆ ಮೊದಲು ಹತ್ತು ನಿಮಿಷ

ಕೈಯಲ್ಲಿ ಅಂಕಿಗಳಿರಲಿ. ಕಂಕುಳಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟು ಬೀಪ್ ಬರುವತನಕ ಕಾಯಿರಿ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಮಕ್ಕಳಲ್ಲಿ ಲೆಕ್ಕ ತಪ್ಪುತ್ತದೆ. ಮಗು ಅಳದೆ ಇರುವಾಗ ಅಂಗಿ ಎತ್ತಿ ಹೊಟ್ಟೆ ನೋಡಿ. ಎರಡು ತಿಂಗಳೊಳಗೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷಕ್ಕೆ 40: ಉಸಿರು ಇಷ್ಟು ಅಥವಾ ಮೇಲಿದ್ದರೆ, ಇಲ್ಲವೇ ಪಕ್ಕೆಯ ಕೆಳಭಾಗ ಒಳಗೆ ಸೆಳೆಯುತ್ತಿದ್ದರೆ ಫೋನಿನ ಕೆಲಸ ಮುಗಿಯಿತು, ಆಸ್ಪತ್ರೆಗೆ ಹೊರಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇದ್ದರೆ ತಣ್ಣಗಿನ ಬೆರಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಮದರಂಗಿ, ನೇಲ್ ಪಾಲಿಶ್ ಇಲ್ಲದ ಬೆರಳೇ ಇರಲಿ, ಅಂಕಿ ನಿಲ್ಲುವವರೆಗೆ ಒಂದು ನಿಮಿಷ ಕಾಯಿರಿ. ಸಾಮಾನ್ಯವಾಗಿ 97, 98 ಇರುತ್ತಿದ್ದವರಿಗೆ 94ಕ್ಕಿಂತ ಕೆಳಗೆ ಬಂದರೆ ಅದನ್ನೇ ಮೊದಲ ವಾಕ್ಯವಾಗಿ ಹೇಳಿ. ಕಪ್ಪು ಮೈಬಣ್ಣದವರಲ್ಲಿ ಯಂತ್ರ ಇರುವುದಕ್ಕಿಂತ ತುಸು ಹೆಚ್ಚು ತೋರಿಸಬಹುದು. ಅಂಕಿ ಚೆನ್ನಾಗಿದ್ದು ಮನುಷ್ಯ ಚೆನ್ನಾಗಿಲ್ಲದಿದ್ದರೆ ಮನುಷ್ಯನನ್ನೇ ನಂಬಿ. ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ ಎಂಬುದನ್ನೂ ಬರೆದಿಟ್ಟುಕೊಳ್ಳಿ, ವಾಂತಿ ಭೇದಿಯಲ್ಲಿ ಮೈಯ ನೀರು ಕಡಿಮೆಯಾಗಿದೆಯೇ ಎಂಬುದಕ್ಕೆ ಅದೊಂದು ಒಳ್ಳೆಯ ಸುಳಿವು.

ಚರ್ಮದ ಗುಳ್ಳೆಗೆ ಎರಡು ಫೋಟೊ ಸಾಕು. ಬಾಗಿಲ ಬಳಿ ಹಗಲ ಬೆಳಕಲ್ಲಿ, ಫ್ಲಾಷ್ ಇಲ್ಲದೆ, ಒಂದು ದೂರದಿಂದ, ಇನ್ನೊಂದು ಪಕ್ಕದಲ್ಲಿ ನಾಣ್ಯ ಇಟ್ಟು ಹತ್ತಿರದಿಂದ. ಕುಟುಂಬದ ವಾಟ್ಸಾಪ್ ಗ್ರೂಪಿಗಲ್ಲ, ಡಾಕ್ಟರ ನಂಬರಿಗೆ.

ಜ್ವರ, ಅದರಲ್ಲೂ ಬೇಸಿಗೆಯ ಜ್ವರ

ಬೇರೆ ಊರಿನ ಡಾಕ್ಟರಿಗೆ ಹೊಳೆಯದೇ ಹೋಗಬಹುದಾದ ವಿಷಯ ಇದು. ಉಣುಗು (ಉಣ್ಣೆ) ಕಚ್ಚಿ ಬರುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇ ಅಂತ್ಯದವರೆಗೆ ಜ್ವರ ಬಂದರೆ ಕೇಳದಿದ್ದರೂ ಹೇಳಿ: ಕಳೆದ ಹತ್ತು ದಿನದಲ್ಲಿ ಕಾನಿಗೆ, ಸೊಪ್ಪಿನಬೆಟ್ಟಕ್ಕೆ, ತರಗೆಲೆಗೆ ಹೋಗಿದ್ದೆವೇ, ಮೈಮೇಲೆ ಉಣುಗು ಸಿಕ್ಕಿತ್ತೇ, ಸುತ್ತಮುತ್ತ ಮಂಗ ಸತ್ತಿತ್ತೇ. ಸೂಚನೆ ಏನೆಂದರೆ ಒಮ್ಮೆಲೇ ಏರುವ ಜ್ವರ, ತಲೆ ಸಿಡಿತ, ಮೈಕೈ ನೋವು, ಕೆಂಪು ಕಣ್ಣು; ಆಮೇಲೆ ವಾಂತಿ, ಒಸಡಿನಲ್ಲೋ ಮೂಗಿನಲ್ಲೋ ರಕ್ತ. ಇದನ್ನು ಫೋನಿನಲ್ಲಿ ತೀರ್ಮಾನಿಸಲಾಗದು, ರಕ್ತಪರೀಕ್ಷೆಯೇ ಆಗಬೇಕು. ಹಾಗಾಗಿ ಕರೆಯ ಉದ್ದೇಶ ಒಂದೇ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇವತ್ತೇ ಹೋಗುವುದು. ಹತ್ತರಲ್ಲಿ ಒಬ್ಬಿಬ್ಬರಲ್ಲಿ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮರುಕಳಿಸಿ ಕತ್ತು ಸೆಟೆದು, ಕೈ ನಡುಗಿ, ಮಾತು ತಪ್ಪುತ್ತದೆ. ‘ಹೋದ ಜ್ವರ ಮತ್ತೆ ಬಂತು’ ಎಂದು ಹಳೆಯ ಮಾತ್ರೆಯನ್ನೇ ನುಂಗುವ ತಪ್ಪಾಗುವುದು ಆಗಲೇ.

ಮಳೆಗಾಲದಲ್ಲಾದರೆ ಗದ್ದೆ ಕೆಸರಿನ ಕೆಲಸ, ಮೀನಖಂಡದ ನೋವು, ಕಡಿಮೆಯಾದ ಮೂತ್ರ, ಹಳದಿ ಕಣ್ಣು ಇವನ್ನು ಹೇಳಿ, ಇಲಿಜ್ವರದ ಶಂಕೆ ಬರುವುದು ಅವುಗಳಿಂದ. ಯಾವ ಜ್ವರವೆಂದು ಗೊತ್ತಾಗುವವರೆಗೆ ಐಬುಪ್ರೊಫೇನ್, ಡೈಕ್ಲೋಫೆನಾಕ್, ಆಸ್ಪಿರಿನ್‌ಗಳನ್ನು ನೀವಾಗಿ ನುಂಗಬೇಡಿ. ಮಂಗನ ಕಾಯಿಲೆ, ಡೆಂಗಿ ಎರಡರಲ್ಲೂ ರಕ್ತಸ್ರಾವ ಹೆಚ್ಚಿಸುತ್ತವೆ. ಹೃದಯಕ್ಕೆಂದು ಡಾಕ್ಟರೇ ದಿನಾ ಆಸ್ಪಿರಿನ್ ಕೊಟ್ಟಿದ್ದರೆ ನಿಲ್ಲಿಸುವ ಮೊದಲು ಅವರನ್ನೇ ಕೇಳಿ.

ಔಷಧಿಯಲ್ಲಿ ಆಗುವ ತಪ್ಪು

‘5 ಎಂಎಲ್ ಕುಡಿಸಿ’ ಎಂಬಷ್ಟರಲ್ಲೇ ಮಗುವಿಗೆ ಪ್ಯಾರಾಸಿಟಮಾಲ್ ಹೆಚ್ಚಾಗಿಬಿಡಬಹುದು. ಅಂಗಡಿಯಲ್ಲಿ ಮೂರು ಬಗೆ ಸಿಗುತ್ತದೆ: 5 ಮಿಲಿಗೆ 120 ಮಿಲಿಗ್ರಾಂ, 5 ಮಿಲಿಗೆ 250 ಮಿಲಿಗ್ರಾಂ, ಕೂಸುಗಳ ಡ್ರಾಪ್ಸ್ ಆದರೆ 1 ಮಿಲಿಗೇ 100 ಮಿಲಿಗ್ರಾಂ. ಒಂದು ಕೆಜಿ ತೂಕಕ್ಕೆ 15 ಮಿಲಿಗ್ರಾಂ ಲೆಕ್ಕ ಹಿಡಿದರೆ 10 ಕೆಜಿಯ ಮಗುವಿಗೆ ಒಂದು ಸಲಕ್ಕೆ 150. ಅಂದರೆ ಮೊದಲನೆಯದರಲ್ಲಿ ಸುಮಾರು 6 ಮಿಲಿ, ಎರಡನೆಯದರಲ್ಲಿ 3, ಡ್ರಾಪ್ಸಿನಲ್ಲಿ ಒಂದೂವರೆ. ಬಾಟಲಿ ಕೈಯಲ್ಲಿ ಹಿಡಿದು ಅದರ ಮೇಲಿನ ಅಂಕಿ ಓದಿ, ಮಗುವಿನ ತೂಕ ಹೇಳಿ, ಆಮೇಲೆ ಅಳತೆ ಕೇಳಿ. ದೊಡ್ಡವರ ಮಾತ್ರೆಯನ್ನೂ ‘ಗುಲಾಬಿ ಬಣ್ಣದ್ದು’ ಎನ್ನದೆ ಅದರ ಸ್ಟ್ರಿಪ್ ನೋಡಿ ಹೆಸರು, ಮಿಲಿಗ್ರಾಂ ಓದಿ. ಫಿಫ್ಟೀನ್ ಮತ್ತು ಫಿಫ್ಟಿ ಕಿವಿಗೆ ಒಂದೇ. ‘ಒಂದು ಐದು’, ‘ಐದು ಸೊನ್ನೆ’ ಎಂದು ಬಿಡಿಸಿ ಹೇಳಿಸಿಕೊಳ್ಳಿ.

ಚೀಟಿ ಬರವಣಿಗೆಯಲ್ಲೇ ಬರಲಿ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ಚೀಟಿಯಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇರಬೇಕು, ಮಾರ್ಫಿನ್‌ನಂಥ ಔಷಧಿಗಳನ್ನು ದೂರದಿಂದ ಬರೆಯುವಂತಿಲ್ಲ. ಬರೆಯದ ಡಾಕ್ಟರ ಮೇಲೆ ಸಿಟ್ಟಾಗಬೇಡಿ.

ಸಿಗ್ನಲ್ ಮತ್ತು ಕೊನೆಯ ಐದು ಮಾತು

ಗುಡ್ಡದ ತುದಿಗೆ ಹೋಗಿ ಮಾತಾಡಿದರೆ ಸಿಗ್ನಲ್ ಸಿಗುತ್ತದೆ, ರೋಗಿ ಕೆಳಗೇ ಉಳಿಯುತ್ತಾರೆ. ಮನೆಗೆ ಫೈಬರ್ ಬಂದಿದ್ದರೆ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಡಿ, ಕರೆಂಟು ಹೋದಾಗ ರೂಟರ್ ಬದುಕಲು ಸಣ್ಣ ಯುಪಿಎಸ್ ಇರಲಿ. ವಿಡಿಯೊ ತಡವರಿಸಿದರೆ ಅದನ್ನು ಆಫ್ ಮಾಡಿ, ಧ್ವನಿ ಸಾಕು. ಮನೆಯಲ್ಲಿ ಇದಾವುದೂ ಇಲ್ಲದಿದ್ದರೆ ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೋಗಿ ದೂರದ ಡಾಕ್ಟರನ್ನು ತೋರಿಸುವ ಸರ್ಕಾರದ ಇ-ಸಂಜೀವಿನಿ ಸೇವೆಯ ಮೂಲಕ ಮಾತಾಡುವುದೇ ವಾಸಿ. ಬಿಪಿ ನೋಡುವ, ಹೊಟ್ಟೆ ಮುಟ್ಟುವ ತರಬೇತಾದ ಕೈ ಅಲ್ಲಿ ನಿಮ್ಮ ಪಕ್ಕದಲ್ಲೇ ಇರುತ್ತದೆ.

ಕರೆ ಶುರುವಾದ ಕೂಡಲೇ ಊರು, ಮನೆಯ ದಾರಿ, ಲೈನ್ ಕಟ್ಟಾದರೆ ಮಾಡಬೇಕಾದ ಎರಡನೇ ನಂಬರು ಹೇಳಿ. ಇಡುವ ಮುನ್ನ ಐದನ್ನು ಕೇಳಿ: ಏನಿರಬಹುದು, ಎಷ್ಟು ದಿನಕ್ಕೆ ಇಳಿಯಬೇಕು, ಏನು ಕಂಡರೆ ತಡಮಾಡಬಾರದು, ಆಗ ಎಲ್ಲಿಗೆ ಹೋಗುವುದು, ಮತ್ತೆ ಫೋನ್ ಯಾರು ಯಾರಿಗೆ ಮಾಡುವುದು. ಉತ್ತರವನ್ನು ಕ್ಯಾಲೆಂಡರಿನ ಅಂಚಿಗೆ ಬರೆದು, ಬರೆದದ್ದನ್ನು ಡಾಕ್ಟರಿಗೇ ಒಮ್ಮೆ ಓದಿ ಹೇಳಿ. ‘ಕಡಿಮೆಯಾಗದಿದ್ದರೆ ಫೋನ್ ಮಾಡಿ’ ಎಂಬುದು ಉತ್ತರವಲ್ಲ, ‘ನಾಳಿದ್ದು ಬೆಳಿಗ್ಗೆಯೊಳಗೆ ಜ್ವರ ಇಳಿಯದಿದ್ದರೆ’ ಎಂಬುದು ಉತ್ತರ. ಒಂದೇ ತೊಂದರೆಗೆ ಎರಡನೇ ಸಲ ಫೋನ್ ಮಾಡಬೇಕಾಗಿ ಬಂದರೆ ಮೂರನೆಯ ಕರೆ ಬೇಡ. ಮಾತ್ರೆಯ ಸ್ಟ್ರಿಪ್, ಬರೆದಿಟ್ಟ ಚೀಟಿ ಚೀಲಕ್ಕೆ ಹಾಕಿಕೊಂಡು ಬೆಳಗಿನ ಮೊದಲ ಬಸ್ಸಿಗೆ ಹೊರಡಿ.