ಹಳೆ ಪಿಯಾನೊ: ಹೆಸರಿಗಿಂತ ಮೊದಲು ಒಳಗೆ ನೋಡಿ

ಮುಂಬಯಿಯಲ್ಲಿ ಸೆಕೆಂಡ್ ಹ್ಯಾಂಡ್ ಪಿಯಾನೊ ಹುಡುಕುತ್ತಿರುವವರು ಮುಂದೆ ಹೊಳೆಯುವ ಹೆಸರಿಗೆ ಮರುಳಾಗಬೇಡಿ. ಜರ್ಮನ್ ಹೆಸರಿನ ಎಷ್ಟೋ ಪಿಯಾನೊಗಳು ತಯಾರಾಗುವುದು ಚೀನಾದಲ್ಲಿ. ಅದೇನೂ ದೋಷವಲ್ಲ, ಆದರೆ ಜರ್ಮನಿಯ ಬೆಲೆ ಕೊಡಬೇಕಿಲ್ಲ. ಮೇಲಿನ ಮುಚ್ಚಳ ತೆಗೆಸಿ, ಒಳಗಿನ ಕಬ್ಬಿಣದ ಫ್ರೇಮಿನ ಸೀರಿಯಲ್ ನಂಬರ್ ಬರೆದುಕೊಳ್ಳಿ. ಯಮಾಹಾ, ಕವಾಯಿ ಆದರೆ ಅದರಿಂದ ತಯಾರಾದ ವರ್ಷ ತಿಳಿಯುತ್ತದೆ.

ಇಲ್ಲಿ ದೊಡ್ಡ ಶತ್ರು ಕಡಲ ಗಾಳಿ ಮತ್ತು ಮಳೆಗಾಲದ ತೇವ. ಟಾರ್ಚ್ ಹಿಡಿದು ತಂತಿ, ಅದನ್ನು ಸುತ್ತಿ ಬಿಗಿಮಾಡುವ ಟ್ಯೂನಿಂಗ್ ಪಿನ್ ನೋಡಿ. ತುಕ್ಕು ತಿಂದ ತಂತಿ ಶ್ರುತಿ ಏರಿಸುವಾಗ ತುಂಡಾಗಬಹುದು. ಪಿನ್ನುಗಳನ್ನು ಹಿಡಿದಿರುವ ಮರವೇ ಸಡಿಲವಾಗಿದ್ದರೆ ಶ್ರುತಿ ನಿಲ್ಲುವುದಿಲ್ಲ. ರಿಪೇರಿ ಬಲು ದುಬಾರಿ, ಅಂಥದ್ದನ್ನು ಬಿಟ್ಟುಬಿಡಿ. ಶ್ರುತಿ ಮಾಡುವ ಟ್ಯೂನರ್‌ನವರು ಪಿನ್ನಿಗೆ ಕೀಲಿ ಹಾಕಿ ತಿರುಗಿಸಿದರೆ ಅದು ಕೂಡಲೇ ಗೊತ್ತಾಗುತ್ತದೆ.

88 ಕೀಗಳನ್ನೂ ಒಂದೊಂದಾಗಿ ಮೆಲ್ಲಗೆ ಒತ್ತಿ. ತಡವಾಗಿ ಮೇಲೇಳುವ ಕೀ ಸಾಮಾನ್ಯವಾಗಿ ತೇವಕ್ಕೆ ಒಳಗಿನ ಫೆಲ್ಟ್ (ಒತ್ತಿ ಮಾಡಿದ ಉಣ್ಣೆಬಟ್ಟೆ) ಉಬ್ಬಿದ್ದರಿಂದ. ಸರಿಪಡಿಸುವುದು ಸುಲಭ, ಚೌಕಾಸಿಗೂ ಒಳ್ಳೆಯದು! ಫೋನಿನ ಟ್ಯೂನರ್ ಆ್ಯಪ್‌ನಲ್ಲಿ ಮಧ್ಯದ 'ಎ' ಸ್ವರ 440 ಹರ್ಟ್ಜ್ ಬದಲು 415ರ ಹತ್ತಿರ ತೋರಿಸಿದರೆ ಅರ್ಧ ಸ್ವರವೇ ಇಳಿದಿದೆ; ಒಂದೇ ಟ್ಯೂನಿಂಗಿಗೆ ಸರಿಹೋಗುವುದಿಲ್ಲ, ಆ ಖರ್ಚನ್ನೂ ಬೆಲೆಯಲ್ಲಿ ಕಳೆಯಿರಿ. ಹಿಂಬದಿಯ ಮರದಲ್ಲಿ ಗೆದ್ದಲಿನ ಮಣ್ಣು ಕಂಡರೆ ಮಾತೇ ಬೇಡ.