ಬಂಗಾರಪೇಟೆ–ಕೋಲಾರ ರೈಲ್‌ಬಸ್: ಮೇಜಿನ ಮೇಲೆ ಓಡುವ ಮಾದರಿ ಹೀಗೆ ಮಾಡಿ

ಬಂಗಾರಪೇಟೆ–ಕೋಲಾರ ನಡುವೆ ಓಡುತ್ತಿದ್ದ ರೈಲ್‌ಬಸ್ ಮಾದರಿ ಕಟ್ಟುವವರಿಗೆ ಹೇಳಿ ಮಾಡಿಸಿದ ಗಾಡಿ. ಒಂದೇ ಡಬ್ಬಿ, ನಾಲ್ಕೇ ಚಕ್ರ, ಬಸ್ಸಿನಂತೆಯೇ ಇರುವ ಮುಖ. ಕಷ್ಟ ಇರುವುದೂ ಆ ನಾಲ್ಕೇ ಚಕ್ರದಲ್ಲಿ. ಎಂಟು ಚಕ್ರದ ಎಂಜಿನ್‌ನಲ್ಲಿ ಒಂದೆರಡು ಚಕ್ರಕ್ಕೆ ಹಳಿಯಿಂದ ಕರೆಂಟ್ ಸಿಗದಿದ್ದರೂ ಗಾಡಿ ನಡೆಯುತ್ತದೆ. ಇದು ಗಕ್ಕನೆ ನಿಲ್ಲುತ್ತದೆ. ಹಾಗಾಗಿ ಮೊದಲು ಚಾಸಿಸ್ ಓಡಲಿ, ಬಾಡಿಯ ಚಂದ ಆಮೇಲೆ.

ಸ್ಕೇಲ್ ಯಾವುದು?

ಸುಲಭವಾಗಿ ಸಿಗುವ ಎಚ್‌ಓ (ಮಾದರಿ ರೈಲುಗಳ ಒಂದು ಅಳತೆ) ಹಳಿಯ ಅಗಲ 16.5 ಮಿ.ಮೀ. ಎಚ್‌ಓ ಸ್ಕೇಲ್ 1:87, ಅಂದರೆ ನಿಜವಾದ 87 ಮಿ.ಮೀ. ಮಾದರಿಯಲ್ಲಿ 1 ಮಿ.ಮೀ. ಆದರೆ ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಆ ಸ್ಕೇಲ್‌ನಲ್ಲಿ ಅದಕ್ಕೆ 19 ಮಿ.ಮೀ.ಗೂ ಹೆಚ್ಚು ಅಗಲದ ಹಳಿ ಬೇಕು. ಇದನ್ನು ಲೆಕ್ಕಿಸದೆ ಕಟ್ಟಿದರೆ ಗಾಡಿ ಹಳಿಯ ಆಚೀಚೆ ಚಾಚಿಕೊಂಡು ಮೀಟರ್‌ಗೇಜ್ ಗಾಡಿಯಂತೆ ಕಾಣುತ್ತದೆ. 1:100 ಆರಿಸಿಕೊಂಡರೆ ಅದೇ ಹಳಿ ಬ್ರಾಡ್‌ಗೇಜ್‌ಗೆ ಬಹುತೇಕ ಸರಿಹೊಂದುತ್ತದೆ, ಒಂದು ಮೀಟರ್ ಒಂದು ಸೆಂಟಿಮೀಟರ್ ಆಗುವುದರಿಂದ ಲೆಕ್ಕವೂ ಹಗುರ. ವಾಸ್ತುಶಿಲ್ಪ ವಿದ್ಯಾರ್ಥಿಗಳ ಮಾದರಿಗೆಂದು ಮಾರುವ ಮನುಷ್ಯರ ಬೊಂಬೆಗಳೂ ಪುಟ್ಟ ಗಿಡಮರಗಳೂ 1:100ರಲ್ಲಿ ಸಿಗುತ್ತವೆ. (ಈ ದಾರಿಯ ಹಳೆಯ 762 ಮಿ.ಮೀ. ನ್ಯಾರೋಗೇಜ್ ರೈಲನ್ನೇ ಮಾಡುವ ಆಸೆಯಿದ್ದರೆ 1:87ರಲ್ಲಿ 9 ಮಿ.ಮೀ. ಹಳಿ ಬಳಸಿ. ಅದು ಬೇರೆಯೇ ಕೆಲಸ.)

ನಕ್ಷೆ ಕೈಯಲ್ಲಿಲ್ಲದಿದ್ದರೆ ನೇರ ಮುಂಭಾಗದಿಂದ ತೆಗೆದ ಫೋಟೊ ಸಾಕು. ಫೋಟೊದಲ್ಲಿ ಚಕ್ರದ ಕೆಳಗಿನ ಹಳಿಗಳ ನಡುವಿನ ಅಂತರ ಅಳೆಯಿರಿ, ಅದು 1,676. ಉಳಿದ ಅಗಲ, ಎತ್ತರ ಎಲ್ಲವೂ ಆ ಅನುಪಾತದಲ್ಲಿ ಹೊರಡುತ್ತವೆ. ಇಲ್ಲಿ ಕೊಟ್ಟಿರುವುದು ಮಾದರಿಗೆ ಅನುಕೂಲವಾದ ಅಳತೆ: ಉದ್ದ 120, ಅಗಲ 32, ಹಳಿಯಿಂದ ಚಾವಣಿಗೆ ಸುಮಾರು 38, ಆಕ್ಸಲ್‌ಗಳ ನಡುವೆ 60 ಮಿ.ಮೀ. ನಿಮ್ಮ ಫೋಟೊ ನೋಡಿ ತಿದ್ದಿಕೊಳ್ಳಿ.

ಬೇಕಾದ ಸಾಮಾನು

ಕೆಟ್ಟುಹೋದ ಎಚ್‌ಓ ಗಾಡಿಯಿಂದ ಬಿಚ್ಚಿದ, 10.5 ಮಿ.ಮೀ. ವ್ಯಾಸದ ಲೋಹದ ಚಕ್ರಗಳಿರುವ ಎರಡು ಆಕ್ಸಲ್ (2 ಮಿ.ಮೀ. ದಪ್ಪದ್ದು). 12 ವೋಲ್ಟ್, 300 ಆರ್‌ಪಿಎಂ ಎನ್20 ಗೇರ್ ಮೋಟಾರ್ (ಗೇರ್‌ಬಾಕ್ಸ್ ಕೂಡಿದ ಪುಟ್ಟ ಮೋಟಾರ್) ಒಂದು. ಆಟಿಕೆ ಗೇರ್‌ಗಳ ಪೊಟ್ಟಣದಿಂದ 0.5 ಮಾಡ್ಯೂಲ್‌ನ (ಹಲ್ಲಿನ ಗಾತ್ರದ ಅಳತೆ) 16 ಹಲ್ಲಿನ ಕ್ರೌನ್ ಗೇರ್ (ಹಲ್ಲುಗಳು ಪಕ್ಕಕ್ಕೆ ಚಾಚಿರುವ ಗೇರ್), 3 ಮಿ.ಮೀ. ರಂಧ್ರದ 12 ಹಲ್ಲಿನ ಪಿನಿಯನ್ (ಮೋಟಾರ್ ಶಾಫ್ಟ್‌ಗೆ ಹಾಕುವ ಚಿಕ್ಕ ಗೇರ್). ಕ್ರೌನ್ ಗೇರ್‌ನ ಹೊರವ್ಯಾಸ 9 ಮಿ.ಮೀ. ಮೀರಬಾರದು, ಮೀರಿದರೆ ಪಾಯಿಂಟ್ಸ್ (ಹಳಿ ಕವಲೊಡೆಯುವ ಜಾಗ) ದಾಟುವಾಗ ಹಳಿಗೆ ತಾಗುತ್ತದೆ. 1 ಮತ್ತು 0.5 ಮಿ.ಮೀ. ಪಾಲಿಸ್ಟೈರೀನ್ ಹಾಳೆ, 2 ಮಿ.ಮೀ. ಒಳವ್ಯಾಸದ ಹಿತ್ತಾಳೆ ಕೊಳವೆ, 0.3 ಮಿ.ಮೀ. ಫಾಸ್ಫರ್ ಬ್ರಾಂಜ್ ತಂತಿ. ಮೋಟಾರ್, ಗೇರ್, ಎಲ್‌ಇಡಿಗೆ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಒಂದು ಸಲ ಹೋಗಿಬಂದರೆ ಆಯಿತು. ತೂಕಕ್ಕೆ ಬೇಕಾದ ಸೀಸ ಕೋಲಾರದಲ್ಲೇ ಟೈರ್ ಅಂಗಡಿಯಲ್ಲಿ ಕೇಳಿ: ಚಕ್ರ ಬ್ಯಾಲೆನ್ಸ್ ಮಾಡಲು ಅಂಟಿಸುವ ತುಂಡುಗಳು. ಈಗ ಹಲವು ಕಬ್ಬಿಣದವು ಬರುತ್ತವೆ. ಆಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಸೀಸವಲ್ಲ.

ಚಾಸಿಸ್

117 × 29.5 ಮಿ.ಮೀ.ಗೆ 1 ಮಿ.ಮೀ. ಹಾಳೆಯ ನೆಲ ಕತ್ತರಿಸಿ. ಅದರ ಕೆಳಗೆ ಉದ್ದಕ್ಕೆ ಎರಡು ಪಟ್ಟಿಗಳನ್ನು ನಿಲ್ಲಿಸಿ. ಪಟ್ಟಿಗಳ ಒಳ ಅಂತರ 10, ಹೊರ ಅಂತರ 12 ಮಿ.ಮೀ. ಚಕ್ರಗಳ ಬೆನ್ನಿನಿಂದ (ಒಳಮುಖದಿಂದ) ಬೆನ್ನಿಗೆ ಸುಮಾರು 14.4 ಮಿ.ಮೀ. ಇರಬೇಕು, ಹಳೆಯ ಚಕ್ರಗಳಲ್ಲಿ ಇದನ್ನು ಕ್ಯಾಲಿಪರ್‌ನಲ್ಲಿ ನೋಡದೆ ಜೋಡಿಸಬೇಡಿ. ಎರಡೂ ಬದಿ ಒಂದೊಂದು ಮಿಲಿಮೀಟರ್‌ಗಿಂತ ತುಸು ಹೆಚ್ಚು ಸಂದು ಉಳಿಯುತ್ತದೆ, ಕರೆಂಟ್ ಎತ್ತುವ ತಂತಿಗೆ ಅಷ್ಟೇ ಜಾಗ.

ಹಿಂದಿನ ಆಕ್ಸಲ್‌ಗೆ ಕ್ರೌನ್ ಗೇರ್ ತೂರಿಸಿ, ಕೊಳವೆ ತುಂಡುಗಳನ್ನು ಬೇರಿಂಗ್ ಆಗಿ ಪಟ್ಟಿಗಳಲ್ಲಿ ಕೂರಿಸಿ. ಮೋಟಾರ್ ಮಲಗಿಸಬೇಡಿ, ನಿಲ್ಲಿಸಿ. ಮಲಗಿಸಿದರೆ ಕಿಟಕಿಯ ಉದ್ದಕ್ಕೂ ಕಾಣುತ್ತದೆ. 24 ಮಿ.ಮೀ.ನ ಮೋಟಾರ್ ನೆಲದ ರಂಧ್ರದಲ್ಲಿ ನಿಂತರೆ ಚಾವಣಿಯೊಳಗೆ ಹಿಡಿಸುತ್ತದೆ, ಚಾಲಕನ ಹಿಂದಿನ ಗೋಡೆಯಂತೆ ಮರೆಮಾಚಬಹುದು. ಶಾಫ್ಟನ್ನು 4 ಮಿ.ಮೀ.ಗೆ ತುಂಡರಿಸಬೇಕು. ಆಗ ಗೇರ್‌ಬಾಕ್ಸ್‌ಗೆ ಟೇಪ್ ಸುತ್ತಿ, ಇಲ್ಲದಿದ್ದರೆ ಲೋಹದ ಪುಡಿ ಒಳಹೊಕ್ಕು ಹಲ್ಲು ತಿನ್ನುತ್ತದೆ. ಪಿನಿಯನ್ ಪಟ್ಟಿಗೆ ಉಜ್ಜಿದರೆ ಪಟ್ಟಿಯನ್ನು ಅಲ್ಲಿ ಸ್ವಲ್ಪ ಕೊರೆಯಿರಿ.

ಹಲ್ಲುಗಳ ಹೊಂದಾಣಿಕೆಗೆ ಹಳೆಯ ಉಪಾಯವಿದೆ: ನಡುವೆ ತೆಳು ಕಾಗದದ ಚೂರು ಇಟ್ಟು ಒತ್ತಿ ಅಂಟಿಸಿ, ಒಣಗಿದ ಮೇಲೆ ಕಾಗದ ಎಳೆಯಿರಿ. ಬಿಗಿಯಾದರೆ ಮೋಟಾರ್ ಮುಲುಗುತ್ತದೆ, ಸಡಿಲವಾದರೆ ಹಲ್ಲು ಜಾರಿ ಟಕಟಕ ಸದ್ದು ಬರುತ್ತದೆ. ಸದ್ದು ಚಕ್ರದ ಒಂದೊಂದು ಸುತ್ತಿಗೆ ಒಂದೇ ಸಲ ಬಂದರೆ ಗೇರ್‌ನ ನಡುರಂಧ್ರದ ಬಳಿ ಸೀಳು ಇದೆಯೇ ನೋಡಿ. ಆಕ್ಸಲ್‌ಗೆ ಬಿಗಿಯಾಗಿ ಹೊಡೆದ ಪ್ಲಾಸ್ಟಿಕ್ ಗೇರ್ ವರ್ಷ ಕಳೆದಂತೆ ಅಲ್ಲೇ ಬಿರಿಯುತ್ತದೆ. ಅಂಟಿನಿಂದ ಅದು ನಿಲ್ಲುವುದಿಲ್ಲ, ಬದಲಿಸಿ.

ಈ ಜೋಡಣೆಯಲ್ಲಿ 12 ವೋಲ್ಟ್‌ಗೆ ಆಕ್ಸಲ್ ನಿಮಿಷಕ್ಕೆ 225 ಸುತ್ತು ತಿರುಗಿ, ಗಾಡಿ ಸೆಕೆಂಡಿಗೆ ಸುಮಾರು 12 ಸೆಂ.ಮೀ. ಓಡುತ್ತದೆ. 1:100ರಲ್ಲಿ ಅದು ಗಂಟೆಗೆ ಸುಮಾರು 45 ಕಿ.ಮೀ. ರೈಲ್‌ಬಸ್‌ಗೆ ಅಷ್ಟು ವೇಗ ಧಾರಾಳ.

ಮುಂದಿನ ಆಕ್ಸಲನ್ನು ಮಾತ್ರ ಬಿಗಿಯಾಗಿ ಹಿಡಿಸಬೇಡಿ. ಅದರ ಬೇರಿಂಗ್‌ಗಳನ್ನು ಪುಟ್ಟ ತೊಟ್ಟಿಲಿನಂಥ ಚೌಕಟ್ಟಿಗೆ ಕೂರಿಸಿ, ನಡುವೆ ಉದ್ದಕ್ಕೆ ಹಾದ 1 ಮಿ.ಮೀ. ಹಿತ್ತಾಳೆ ಕಡ್ಡಿಯ ಮೇಲೆ ಎಡಬಲಕ್ಕೆ ಅರ್ಧ ಮಿಲಿಮೀಟರ್ ತೂಗುವಂತೆ ಮಾಡಿ. ಆಗ ಹಳಿ ಸ್ವಲ್ಪ ಓರೆಯಾದರೂ ನಾಲ್ಕೂ ಚಕ್ರ ಊರಿರುತ್ತವೆ. ನಾಲ್ಕನ್ನೂ ಬಿಗಿ ಮಾಡಿದ ಗಾಡಿ ಮೂರು ಚಕ್ರದ ಮೇಲೆ ಓಡುತ್ತದೆ, ನಾಲ್ಕನೆಯದಕ್ಕೆ ಕರೆಂಟ್ ಇಲ್ಲ.

ನಾಲ್ಕೂ ಚಕ್ರದ ಬೆನ್ನಿಗೆ ಹಗುರವಾಗಿ ಒರಗುವಂತೆ ಬ್ರಾಂಜ್ ತಂತಿ ಬೆಸೆದು, ಎಡದವೆರಡನ್ನು ಮೋಟಾರ್‌ನ ಒಂದು ತುದಿಗೆ, ಬಲದವೆರಡನ್ನು ಇನ್ನೊಂದಕ್ಕೆ ಸೇರಿಸಿ. ತಂತಿ ಒತ್ತಡ ಜಾಸ್ತಿಯಾದರೆ ಮುಂದಿನ ಚಕ್ರ ಉರುಳದೆ ಜಾರುತ್ತದೆ. ದೀಪಕ್ಕೆ ಎರಡು ತುದಿಗೂ ಒಂದೊಂದು ಬಿಳಿ ಎಲ್‌ಇಡಿಯನ್ನು ಪರಸ್ಪರ ತಿರುವುಮುರುವಾಗಿ ಜೋಡಿಸಿ, ಇಡೀ ಜೋಡಿಗೆ ಒಂದು 1 ಕಿಲೊ ಓಮ್ ರೆಸಿಸ್ಟರ್ ಹಾಕಿ. ಹೋಗುವ ದಿಕ್ಕಿನದು ಮಾತ್ರ ಉರಿಯುತ್ತದೆ. ಒಂಟಿ ಎಲ್‌ಇಡಿ ಹಾಕಿದರೆ ಹಿಮ್ಮುಖ ವೋಲ್ಟೇಜ್‌ಗೆ ಸುಟ್ಟುಹೋಗಬಹುದು.

ಒಟ್ಟು ತೂಕ 80ರಿಂದ 100 ಗ್ರಾಂ ಬರುವಷ್ಟು ಸೀಸವನ್ನು ಆಕ್ಸಲ್‌ಗಳ ನಡುವೆ, ಮೋಟಾರ್ ಕಡೆಗೆ ಸ್ವಲ್ಪ ಹೆಚ್ಚು ಬರುವಂತೆ ಅಂಟಿಸಿ. ಮೇಲೆ ಹಾಳೆ ಹೊದಿಸಿದರೆ ಅದೇ ಡೀಸೆಲ್ ಟ್ಯಾಂಕ್. ಸೀಸ ಮುಟ್ಟಿದ ಕೈ ತೊಳೆದುಕೊಳ್ಳಿ.

ಬಾಡಿ

ಬದಿಯ ಗೋಡೆ 120 × 26 ಮಿ.ಮೀ. ಕಿಟಕಿಗಳ ಮೂಲೆಯಲ್ಲಿ ಮೊದಲು ಸಣ್ಣ ರಂಧ್ರ ಕೊರೆದು ಆಮೇಲೆ ಚಾಕುವಿನಲ್ಲಿ ಕತ್ತರಿಸಿದರೆ ಮೂಲೆ ಸೀಳುವುದಿಲ್ಲ. ಎರಡು ಹಾಳೆ ಒಂದರ ಮೇಲೊಂದು ಅಂಟಿಸುವುದಾದರೆ ಒಳಹಾಳೆಗೆ ಅಲ್ಲಲ್ಲಿ ತೂತು ಹಾಕಿ. ಒಳಗೆ ಸಿಕ್ಕಿಕೊಂಡ ದ್ರಾವಕ ಹೊರಹೋಗದಿದ್ದರೆ ಕೆಲವು ವಾರಗಳಲ್ಲಿ ಗೋಡೆ ಬಾಗುತ್ತದೆ. ಚಾವಣಿಗೆ 0.5 ಮಿ.ಮೀ. ಹಾಳೆಯನ್ನು 75 ಮಿ.ಮೀ. ಪಿವಿಸಿ ಪೈಪಿಗೆ ಬಟ್ಟೆಯಲ್ಲಿ ಕಟ್ಟಿ ಬಿಸಿನೀರು ಸುರಿಯಿರಿ. ಬಿಚ್ಚಿದಾಗ ಸ್ವಲ್ಪ ನೆಟ್ಟಗಾಗಿ ಬೇಕಾದ ಬಾಗಿಗೆ ನಿಲ್ಲುತ್ತದೆ.

ಕಿಟಕಿಯ ಪಾರದರ್ಶಕ ಹಾಳೆ ಬಣ್ಣದ ನಂತರ, ಅದೂ ಬಿಳಿ ಗೋಂದಿನಿಂದ. ಸೂಪರ್ ಗ್ಲೂ ಆವಿ ಅದನ್ನು ಮಂಜಾಗಿಸುತ್ತದೆ. ಮಳೆಗಾಲದಲ್ಲಿ, ಚಿಕ್ಕಬಳ್ಳಾಪುರದ ಕಡೆ ಮಂಜಿನ ಬೆಳಗಿನಲ್ಲಿ ಸ್ಪ್ರೇ ಹೊಡೆದರೆ ಬಣ್ಣದ ಮೇಲೆ ಬಿಳಿ ಪೊರೆ ಕೂರುತ್ತದೆ, ಮಧ್ಯಾಹ್ನದ ಬಿಸಿಲಿಗೆ ಕಾಯಿರಿ. ಬಾಡಿಯನ್ನು ಚಾಸಿಸ್‌ಗೆ ಅಂಟಿಸದೆ ಎರಡು ಸ್ಕ್ರೂ ಹಾಕಿ.

ಮೊದಲ ಸಲ ಎರಡೂ ದಿಕ್ಕಿಗೆ ಅರ್ಧರ್ಧ ಗಂಟೆ ಅರ್ಧ ವೇಗದಲ್ಲಿ ಓಡಿಸಿ. ಗಾಡಿ ಅಲ್ಲಲ್ಲಿ ತಡೆದರೆ ಬೇರೆ ಬೇರೆ ಜಾಗವೋ ಒಂದೇ ಜಾಗವೋ ಗಮನಿಸಿ. ಒಂದೇ ಜಾಗವಾದರೆ ಹಳಿಯ ಜೋಡಣೆ ನೋಡಿ, ಬೇರೆ ಬೇರೆಯಾದರೆ ಚಕ್ರ ಅಥವಾ ತಂತಿ ನೋಡಿ. ಕೋಲಾರದ ಧೂಳಿಗೆ ಹಳಿ ಬೇಗ ಕಪ್ಪಾಗುತ್ತದೆ. ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಎಮರಿ ಕಾಗದದಿಂದ ಮಾತ್ರ ಉಜ್ಜಬೇಡಿ. ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ.